ಬೇಟೆನಾಯಿಯ ವಿಧೇಯತೆ
ಆತಕೂರಿನ ಶಾಸನ ಮತ್ತು ಜನ್ನನ ಕಾವ್ಯವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ನನ್ನ ತಂಗಿಯ ಮಗನೊಬ್ಬನು ಅಮೆರಿಕದಲ್ಲಿ ನೆಲೆಸಿದ್ದಾನೆ. ಚತುರ್ದಶಿಯ ಏಕಾಶನವನ್ನು ಅಲ್ಲಿಯೂ ತಪ್ಪಿಸಿದವನಲ್ಲ. ತಾನು ಸಾಕಿರುವ ಲ್ಯಾಬ್ರಡಾರ್ ನಾಯಿಯು ಬಾತುಕೋಳಿ ಬೇಟೆಗೆ ಸಂಬಂಧಿಸಿದ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಯಿತೆಂದು ಸಂತೋಷದಿಂದ ಬರೆದು, ಪತ್ರದ ಕೊನೆಗೆ ಹೀಗೆ ಕೇಳಿದ್ದನು: “ಮಾವ, ನಾನು ಕೋವಿ ಹಿಡಿಯುವುದಿಲ್ಲ. ನಾಯಿಯೂ ಕೊಲ್ಲುವುದಿಲ್ಲ; ಬಿದ್ದುದನ್ನು ತಂದುಕೊಡುತ್ತದೆ, ಅಷ್ಟೆ. ಇದರಲ್ಲಿ ವ್ರತಭಂಗವೆಲ್ಲಿ ಬಂತು?” ಪ್ರಶ್ನೆಯು ಪ್ರಾಮಾಣಿಕವಾದುದು. ಉತ್ತರವನ್ನು ಹುಡುಕುತ್ತ, ಬೇಟೆನಾಯಿಯನ್ನು ಕುರಿತು ಕನ್ನಡದಲ್ಲಿರುವ ಎರಡು ಪ್ರಾಚೀನ ಕೃತಿಗಳನ್ನು ಮತ್ತೊಮ್ಮೆ ಓದಿದೆನು. ಒಂದು ಕಲ್ಲಿನ ಮೇಲಿನದು, ಇನ್ನೊಂದು ಓಲೆಯ ಮೇಲಿನದು. ಆ ಓದಿನ ಫಲವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಈ ಶಿಕ್ಷಣದ ಸ್ವರೂಪವನ್ನು ತಿಳಿಯಬೇಕು. ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ನಾಯಿಗಳಿಂದ ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಶ್ರೀಮಂತರು ಲ್ಯಾಬ್ರಡಾರ್ ತಳಿಯನ್ನು ರೂಢಿಸಿದರು. ಗುಂಡು ತಗಲಿ ನೀರಿಗೆ ಬಿದ್ದ ಹಕ್ಕಿಯನ್ನು ಈಜಿ ತರುವುದು ಅದರ ಕಸುಬು. ಮರಿಗೆ ಮೊದಲು ಕುಳಿತಿರಲು ಕಲಿಸುತ್ತಾರೆ. ಬಳಿಕ ಡಮ್ಮಿ ಎಂಬ ಕ್ಯಾನ್ವಾಸಿನ ತುಂಡನ್ನು ಎಸೆದು ತರಿಸುತ್ತಾರೆ. ಮುಂದೆ ಅದಕ್ಕೆ ರೆಕ್ಕೆಪುಕ್ಕಗಳನ್ನು ಕಟ್ಟುತ್ತಾರೆ. ಅನಂತರ ಸತ್ತ ಹಕ್ಕಿ. ಕೋವಿಯ ಸದ್ದಿಗೆ ಬೆದರದೆ, ಹಕ್ಕಿ ಬಿದ್ದ ತಾಣವನ್ನು ನೆನಪಿನಲ್ಲಿಟ್ಟುಕೊಂಡು, ಅಪ್ಪಣೆಯಾಗುವವರೆಗೆ ಅಲುಗದೆ ಕುಳಿತಿರಬೇಕು. ತಾನು ಕಾಣದ ಹಕ್ಕಿಯನ್ನು ಯಜಮಾನನ ಸಿಳ್ಳು ಮತ್ತು ಕೈಸನ್ನೆಯಿಂದಲೇ ಹುಡುಕಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹಕ್ಕಿಗೆ ಹಲ್ಲು ತಾಗದಂತೆ ಮೆದುವಾಗಿ ಕಚ್ಚಿ ತರಬೇಕು. ಅಮೆರಿಕದ ಕೆನೆಲ್ ಕ್ಲಬ್ಬು ಈ ಬಗೆಯ ಪರೀಕ್ಷೆಗಳನ್ನು 1985ರಲ್ಲಿ ಆರಂಭಿಸಿತು. ಜೂನಿಯರ್, ಸೀನಿಯರ್, ಮಾಸ್ಟರ್ ಎಂದು ಮೂರು ಮೆಟ್ಟಿಲುಗಳು. ಮೊದಲನೆಯದರಲ್ಲಿಯೇ ನೆಲದ ಮೇಲೆ ಎರಡು, ನೀರಿನಲ್ಲಿ ಎರಡು ಹಕ್ಕಿಗಳನ್ನು ತರಬೇಕು. ಅವು ನಿಜವಾದ ಹಕ್ಕಿಗಳು. ಈ ಪರೀಕ್ಷೆಗಾಗಿಯೇ ಪ್ರಾಣ ಕಳೆದುಕೊಂಡವು.

ಹಸಿವನ್ನೂ ಸ್ವಭಾವವನ್ನೂ ಗೆದ್ದು, ಬಾಯಲ್ಲಿರುವ ಮಾಂಸವನ್ನು ತಿನ್ನದೆ ತರುವ ಪ್ರಾಣಿಯನ್ನು ನೋಡಿದಾಗ ಇದೊಂದು ಸಂಯಮವೆಂದು ತೋರುವುದು ಸಹಜ. ಅಳಿಯನು ಮಾರುಹೋಗಿರುವುದೂ ಇದಕ್ಕೇ. ಈ ಸಂಯಮದ ಬೆಲೆಯನ್ನು ನಮ್ಮ ಪೂರ್ವಿಕರು ಹೇಗೆ ಕಟ್ಟಿದರು?

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂದರ್ಭವನ್ನು ಇದು ಹೇಳುತ್ತದೆ. ಬೂತುಗನ ಭಟನಾದ ಮಣಲೇರನ ಪರಾಕ್ರಮವನ್ನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು. ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೇರನು ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು.

ನಾಯಿಯ ಮೇಲಿನ ಪ್ರೀತಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯವನ್ನು ನಾನು ಕಾಣೆ. ಆದರೆ ಶಾಸನದ ಕೊನೆಯ ಶಾಪಾಶಯವು ವಿಚಾರಾರ್ಹವಾಗಿದೆ. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪವು ತಗಲುವುದೆಂದು ಅಲ್ಲಿ ಹೇಳಿದೆ. ಹೊಗಳಲೆಂದೇ ಬರೆಸಿದ ಕಲ್ಲಿನಲ್ಲಿ ‘ನಾಯಿ ಮಾಡಿದ ಪಾಪ’ ಎಂಬ ಭಾವ ಉಳಿದುಕೊಂಡಿದೆ. ಕಾಳಿ ಹಂದಿಯನ್ನು ತಾನಾಗಿ ಅರಸಿಕೊಂಡು ಹೋಗಲಿಲ್ಲ. ಅದನ್ನು ಬಿಟ್ಟವರು ಮನುಷ್ಯರು. ಆದರೂ ಪಾಪವನ್ನು ನಾಯಿಯ ಖಾತೆಗೆ ಬರೆದು, ಬಿಟ್ಟವನ ಖಾತೆಯನ್ನು ಖಾಲಿ ಇಟ್ಟಿದ್ದಾರೆ. ಲೆಕ್ಕಪತ್ರ ಬಲ್ಲ ನಮ್ಮಂತಹ ವ್ಯಾಪಾರಿಗಳಿಗೆ ಈ ತಪ್ಪು ನಮೂದು ಕಣ್ಣಿಗೆ ಬೀಳದಿರದು.

ಆ ನಮೂದನ್ನು ತಿದ್ದಿದವನು ಜನ್ನ. 1209ರಲ್ಲಿ ರಚಿತವಾದ ‘ಯಶೋಧರ ಚರಿತೆ’ಯಲ್ಲಿ ಅರಸ ಯಶೋಮತಿ ಬೇಟೆಗೆ ಹೊರಟಾಗ ಸುದತ್ತಾಚಾರ್ಯರನ್ನು ಕಾಣುತ್ತಾನೆ. ದಿಗಂಬರ ಮುನಿಯ ದರ್ಶನವನ್ನು ಅಪಶಕುನವೆಂದು ಬಗೆದು ಬೇಟೆನಾಯಿಗಳ ಹಿಂಡನ್ನು ಅವರ ಮೇಲೆ ಬಿಡುತ್ತಾನೆ. ನಾಯಿಗಳು ಎರಗುವುದಿಲ್ಲ, ತಲೆ ತಗ್ಗಿಸಿ ನಿಲ್ಲುತ್ತವೆ. ಕೆರಳಿದ ಅರಸನು ಕತ್ತಿ ಹಿರಿದಾಗ ನಡುವೆ ಬಂದು ತಡೆದವನು ಕಲ್ಯಾಣಮಿತ್ರನೆಂಬ ವರ್ತಕ. ಇದೇ ಯಶೋಮತಿಯ ಅರಮನೆಯಲ್ಲಿ ಹಿಂದೆ ಅವನ ಅಜ್ಜಿ ಚಂದ್ರಮತಿಯೇ ನಾಯಿಯಾಗಿದ್ದಳು. ತನ್ನ ಅಜ್ಜಿಯೆಂದರಿಯದೆ ಅವಳನ್ನು ಹೊಡೆದು ಕೊಂದವನು ಅವನೇ. ಈ ಹಿನ್ನೆಲೆಯಲ್ಲಿ ನೋಡಿದರೆ, ಆ ಹಿಂಡಿನಲ್ಲಿ ಯಾರು ಯಾರಿದ್ದರೋ ಎಂದು ಮನಸ್ಸು ನಡುಗುತ್ತದೆ.

ಇದನ್ನು ತಪಃಪ್ರಭಾವದ ಪವಾಡವೆಂದು ಹೇಳಿ ಮುಗಿಸಬಹುದು. ಆದರೆ ಶೀಲದ ದೃಷ್ಟಿಯಿಂದ ಮತ್ತೊಂದು ಅರ್ಥವಿದೆ. ಆತಕೂರಿನ ಕಾಳಿ ಅಪ್ಪಣೆಯನ್ನು ಪಾಲಿಸಿ ಪೂಜೆ ಪಡೆಯಿತು. ಜನ್ನನ ನಾಯಿಗಳು ಅಪ್ಪಣೆಯನ್ನು ಮೀರಿ ಅರಸನ ಮನಃಪರಿವರ್ತನೆಗೆ ಮೊದಲ ಕಾರಣವಾದವು. ವಿಧೇಯತೆ ತಾನಾಗಿಯೇ ಗುಣವಲ್ಲ. ಯಾವುದಕ್ಕೆ ವಿಧೇಯವೆಂಬುದು ಮುಖ್ಯ. ಪರರ ಹಿಂಸೆಗೆ ಉಪಕರಣವಾದ ಸಂಯಮವು ಅಭ್ಯಾಸವಾದೀತು, ವ್ರತವಾಗಲಾರದು.

ಅಳಿಯನ ಇನ್ನೊಂದು ವಾದವೂ ಇದೆ. ಒಳ್ಳೆಯ ನಾಯಿ ಇದ್ದರೆ ಗಾಯಗೊಂಡ ಹಕ್ಕಿ ಜೊಂಡಿನಲ್ಲಿ ದಿನಗಟ್ಟಲೆ ನರಳುವುದು ತಪ್ಪುತ್ತದೆ ಎಂದು. ಇದು ನಿಜ, ಅಲ್ಲಗಳೆಯಲಾರೆ. ಆದರೆ ಅಚೌರ್ಯಾಣುವ್ರತದ ಅತಿಚಾರಗಳನ್ನು ನೆನೆಯಿರಿ. ಕಳವಿನ ಮಾಲನ್ನು ಕೊಳ್ಳುವುದು ಒಂದು, ತೂಕ-ಅಳತೆಯಲ್ಲಿ ಮೋಸ ಮಾಡುವುದು ಇನ್ನೊಂದು. ಕಳವಿನ ಮಾಲನ್ನು ಸರಿಯಾದ ತಕ್ಕಡಿಯಲ್ಲಿ ತೂಗಿ ಮಾರಿದವನು ಎರಡನೆಯದರಿಂದ ಪಾರಾದನೇ ಹೊರತು ಮೊದಲನೆಯದರಿಂದಲ್ಲ. ಕೋವಿ ಹಿಡಿಯಲಿಲ್ಲ ಎಂಬ ಮಾತೂ ಹೀಗೆಯೇ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಲ್ಲಿ ಒಂದನ್ನು ಮುಚ್ಚಿದ ಮಾತ್ರಕ್ಕೆ ಮನೆ ಭದ್ರವಾಗದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಇಂತಹ ಬೇಟೆಯ ವಿನೋದಕ್ಕೆ ಎಡೆಯಿಲ್ಲದಾಯಿತು. 1938ರಲ್ಲಿ ಭರತಪುರದ ಕೆರೆಯಲ್ಲಿ ವೈಸರಾಯ್ ಲಿನ್ಲಿತ್ಗೋ ಅವರ ತಂಡವು ಒಂದೇ ದಿನ 4,273 ಹಕ್ಕಿಗಳನ್ನು ಕೊಂದಾಗ ಅದೂ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಕಾನೂನು ದೇಶಕಾಲಗಳಿಗೆ ತಕ್ಕಂತೆ ಬದಲಾಗುತ್ತದೆ. ಹಕ್ಕಿಯ ನೋವು ಬದಲಾಗುವುದಿಲ್ಲ.

ಹಾಗೆಂದು ಪರದೇಶದವರನ್ನು ಹಳಿಯಲು ನಮಗೆ ಅಧಿಕಾರವಿದೆಯೆ? ಪಂಜ-ಎಣ್ಮೂರುಗಳ ನಡುವೆ ಒಂದು ಹಂದಿಗಾಗಿ ನಡೆದ ಕಲಹದಲ್ಲಿ ಕೋಟಿ ಚೆನ್ನಯರು ಅಳಿದರೆಂದು ಪಾಡ್ದನ ಹಾಡುವ ಸೀಮೆ ನಮ್ಮದು. ಹಿಂಸೆಗೆ ಉಪಕರಣಗಳನ್ನು ಒದಗಿಸುವ ಹಿಂಸಾದಾನವು ಅನರ್ಥದಂಡಗಳಲ್ಲಿ ಒಂದು. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳ ಸಾಕಣೆಯನ್ನೂ ಆಯುಧ-ಲೋಹಗಳ ಮಾರಾಟವನ್ನೂ ಕಾರ್ತಿಕೇಯಾನುಪ್ರೇಕ್ಷೆಯು ಒಂದೇ ಸಾಲಿನಲ್ಲಿ ಸೇರಿಸುತ್ತದೆ. ಸುಳ್ಯದ ನನ್ನ ಅಂಗಡಿಯಲ್ಲಿ, ಕಾಡುಹಂದಿಗೆ ಉರುಳು ಒಡ್ಡಲೆಂದು ತಿಳಿದಿದ್ದೂ ಎಷ್ಟೋ ವರ್ಷ ತಂತಿಯನ್ನು ಮಾರಿದ್ದೇನೆ. ಕೊಂಡವನು ಏನು ಮಾಡುವನೆಂದು ನಾನು ಕೇಳಲಿಲ್ಲ; ಕೇಳದಿರುವುದೇ ಅನುಕೂಲವಾಗಿತ್ತು. ಖಾತೆಯಲ್ಲಿ ಅದು ಲಾಭವೆಂದೇ ಇದೆ. ಆದುದರಿಂದ ಅಳಿಯನಿಗೆ ಬರೆದ ಉತ್ತರವನ್ನು ಈ ತಪ್ಪೊಪ್ಪಿಗೆಯಿಂದಲೇ ಆರಂಭಿಸಿದೆನು.

ನಾಯಿಯನ್ನು ಬಿಟ್ಟುಬಿಡು ಎಂದು ಬರೆಯಲಿಲ್ಲ. ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದ ಜೀವಂಧರನ ಕಥೆ ನಮ್ಮದು. ಆ ನಾಯಿ ಯಕ್ಷನಾಗಿ ಹುಟ್ಟಿತು. ಎಸೆದುದನ್ನು ತರುವ ಆನಂದ ಲ್ಯಾಬ್ರಡಾರಿಗೆ ಸಹಜವಾದುದು, ಅದರಲ್ಲಿ ದೋಷವಿಲ್ಲ. ಹಕ್ಕಿಯ ಬದಲು ಡಮ್ಮಿಯನ್ನೇ ಎಸೆದರಾಯಿತಲ್ಲವೆ ಎಂದು ಕೇಳಬಹುದು. ಇಲ್ಲಿ ಜನ್ನನ ಕಾವ್ಯವೇ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಯಶೋಧರನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅದರಲ್ಲಿ ಜೀವವಿರಲಿಲ್ಲ, ಆದರೆ ಕೊಯ್ದ ಕೈಯಲ್ಲಿ ಕೊಲ್ಲುವ ಸಂಕಲ್ಪವಿತ್ತು. ಭವಭವಗಳ ದುಃಖಕ್ಕೆ ಅಷ್ಟೇ ಸಾಕಾಯಿತು. ಪುಕ್ಕ ಕಟ್ಟಿ, ಕೋವಿಯ ಸದ್ದು ಮಾಡಿ, ನಾಳಿನ ಹಕ್ಕಿಗಾಗಿ ಎಸೆದ ಡಮ್ಮಿ ಹಿಟ್ಟಿನ ಕೋಳಿಯೇ. ಅದೇ ಕ್ಯಾನ್ವಾಸಿನ ತುಂಡನ್ನು ನಾಯಿಯ ಈಜಿನ ಸಂತೋಷಕ್ಕಾಗಿ ಎಸೆದರೆ ಅದು ಚೆಂಡಿನಂತೆ. ವಸ್ತು ಒಂದೇ, ನಾಯಿ ಒಂದೇ, ಕೆರೆಯೂ ಒಂದೇ. ಬೇರೆಯಾಗುವುದು ಎಸೆದವನ ಸಂಕಲ್ಪ.

“ಪುಕ್ಕವನ್ನು ಬಿಚ್ಚಿ ಎಸೆ. ಪರೀಕ್ಷೆಯ ಮುಂದಿನ ಮೆಟ್ಟಿಲು ನಿನ್ನ ನಾಯಿಗೆ ಬೇಡ” ಎಂದು ಬರೆದು ಪತ್ರವನ್ನು ಮುಗಿಸಿದೆನು. ಉರುಳಿನ ತಂತಿಯ ವಿಷಯದಲ್ಲಿ ನನಗೆ ಹೀಗೆ ಬರೆಯುವ ಮಾವನಿರಲಿಲ್ಲ. ಕಲ್ಯಾಣಮಿತ್ರನ ಕಥೆ ಮಾತ್ರ ಆಗಲೂ ಇತ್ತು, ಓದಿಯೂ ಇದ್ದೆನು.