ಬಿಳುಪಿನ ಹಟ

ಪಿಯಾನೊದ 88 ಕೀಗಳಲ್ಲಿ 52 ಬಿಳಿಯವು. ನೂರು ವರ್ಷ ದಾಟಿದ ವಾದ್ಯದ ಮುಚ್ಚಳ ತೆಗೆದರೆ ಇವುಗಳಲ್ಲಿ ಕೆಲವು ಕೆನೆಬಣ್ಣಕ್ಕೆ, ಕೆಲವು ಅರಿಸಿನಕ್ಕೆ ತಿರುಗಿರುತ್ತವೆ. ನಡುವೆ ಯಾರೋ ಅಂಟಿಸಿದ ಒಂದೆರಡು ಪ್ಲಾಸ್ಟಿಕ್ ತುಂಡುಗಳು ಕಣ್ಣಿಗೆ ಹೊಡೆಯುತ್ತವೆ. ಎಲ್ಲವನ್ನೂ ಒಂದೇ ಬಿಳುಪಿಗೆ ತಂದರೆ ಮಾತ್ರ ದುರಸ್ತಿ ಮುಗಿದಂತೆ ಎಂಬ ರೂಢಿ ಬೆಳೆದಿದೆ. ಈ ರೂಢಿ ವಾದ್ಯಕ್ಕೆ ಉಪಕಾರ ಮಾಡುವುದಕ್ಕಿಂತ ಹಾನಿ ಮಾಡುವುದೇ ಹೆಚ್ಚು.

ಹಳೆಯ ಒಳ್ಳೆಯ ಪಿಯಾನೊಗಳ ಕೀಗಳ ಮೇಲಿರುವುದು ಸುಮಾರು ಒಂದು ಮಿಲಿಮೀಟರ್ ದಪ್ಪದ ಆನೆದಂತದ ಪದರ. ಸಾಮಾನ್ಯವಾಗಿ ಅದು ಎರಡು ತುಂಡು: ಬೆರಳು ಬೀಳುವ ಅಗಲವಾದ ತಲೆ, ಕರಿ ಕೀಗಳ ನಡುವೆ ನುಸುಳುವ ಕಿರಿದಾದ ಬಾಲ. ದಂತದ ಮೂಲಕ ಬೆಳಕು ಹಾಯುವುದರಿಂದ, ಕೆಳಗಿನ ಮರ ಕಾಣದಿರಲೆಂದು ಅಂಟಿಗೆ ಸುಣ್ಣದ ಬಿಳಿ ಪುಡಿ ಬೆರೆಸುತ್ತಿದ್ದರು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಡೀಪ್ ರಿವರ್, ಐವರಿಟನ್ ಊರುಗಳ ಕಾರ್ಖಾನೆಗಳು 19ನೇ ಶತಮಾನದಲ್ಲಿ ಜಂಜಿಬಾರ್‌ನಿಂದ ದಂತ ತರಿಸಿ ಕೊಯ್ದು, ಗಾಜಿನ ಚಪ್ಪರಗಳಡಿ ವಾರಗಟ್ಟಲೆ ಬಿಸಿಲಿಗೆ ಒಡ್ಡುತ್ತಿದ್ದವು. ಆಮೇಲೆ ಎಳೆ, ಛಾಯೆ ನೋಡಿ ಒಂದೊಂದು ವಾದ್ಯಕ್ಕೂ ತುಂಡುಗಳನ್ನು ಆರಿಸುತ್ತಿದ್ದರು. ಅಂದರೆ ಆ ಬಿಳುಪು ಬಿಸಿಲು ಕೊಟ್ಟದ್ದು. ಮುಚ್ಚಳ ಮುಚ್ಚಿ ಕತ್ತಲಲ್ಲಿಟ್ಟ ವಾದ್ಯದ ದಂತ ಬೇಗ ಹಳದಿಯಾಗುವುದೂ ಇದಕ್ಕೇ.

ಈ ಹಳದಿಯನ್ನು ತೆಗೆಯಲು ಹೇಳುವ ಉಪಾಯಗಳಲ್ಲಿ ನಿಂಬೆರಸ ಎಲ್ಲಕ್ಕಿಂತ ಕೆಟ್ಟದ್ದು. ಆನೆಯ ದಂತವೆಂದರೆ ಉದ್ದ ಬೆಳೆದ ಬಾಚಿಹಲ್ಲು. ನಮ್ಮ ಹಲ್ಲನ್ನು ಸವೆಸುವ ಹುಳಿ ಅದನ್ನೂ ಸವೆಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡುವ ವಿಧಾನಕ್ಕೆ ಕಾರ್ಖಾನೆಯದೇ ಪರಂಪರೆಯಿದೆ, ಫಲವೂ ಸಿಗುತ್ತದೆ. ಆದರೆ ಕಾರ್ಖಾನೆಯಲ್ಲಿ ದಂತ ಇನ್ನೂ ಮರಕ್ಕೆ ಅಂಟಿರಲಿಲ್ಲ. ಅಂಟಿದ ಮೇಲೆ ದ್ರವ ಒಳಗಿಳಿದರೆ ಅಂಟು ಬಿಡುತ್ತದೆ, ಪದರ ಸೊಟ್ಟಗಾಗುತ್ತದೆ. ಮರಳು ಕಾಗದದಿಂದ ಉಜ್ಜಿದರೆ ಬಿಳುಪು ತಕ್ಷಣ ಬರುತ್ತದೆ. ಆದರೆ ಇರುವುದೇ ಒಂದು ಮಿಲಿಮೀಟರ್, ಉಜ್ಜಿದಷ್ಟೂ ಮುಂದಿನ ದುರಸ್ತಿಗೆ ಉಳಿಯುವುದು ಕಡಿಮೆ. ಕತ್ತಲಿಗೆ ಹಿಂತಿರುಗಿದ ವಾದ್ಯ ಮತ್ತೆ ಹಳದಿಯಾಗುತ್ತದೆ ಎಂಬುದನ್ನು ಸೇರಿಸಿ ನೋಡಿದರೆ ಈ ವ್ಯಾಪಾರದಲ್ಲಿ ನಷ್ಟವೇ ಹೆಚ್ಚು. ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಕೊಳೆ ಒರೆಸಿ, ಒಣಬಟ್ಟೆಯಿಂದ ಉಜ್ಜಿ, ಮುಚ್ಚಳ ತೆರೆದಿಡುವುದೇ ಹೆಚ್ಚಿನ ವಾದ್ಯಗಳಿಗೆ ಸಾಕು.

ಒಡೆದುಹೋದ, ಕಳೆದುಹೋದ ತುಂಡುಗಳ ಪ್ರಶ್ನೆ ಬೇರೆ. ಅಲ್ಲಿ ಬೆರಳು ಅಂಚಿಗೆ ತಗಲುತ್ತದೆ, ಪಕ್ಕದ ಕೀಗಿಂತ ಎತ್ತರ ತಗ್ಗಾಗುತ್ತದೆ. ನುಡಿಸುವವರಿಗೆ ಇದು ನಿಜವಾದ ತೊಂದರೆ. ಹೊಸ ದಂತದ ಮಾತೇ ಇಲ್ಲ: ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ 1989ರ ಸಭೆ ಆಫ್ರಿಕಾದ ಆನೆಯನ್ನು ಮೊದಲ ಅನುಬಂಧಕ್ಕೆ ಸೇರಿಸಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಹಾಕಿತು. ಹಾಗಾಗಿ ನುರಿತ ಕೆಲಸಗಾರರು ಕಳಚಿದ ಪಿಯಾನೊಗಳ ದಂತದ ತುಂಡುಗಳನ್ನು ಎತ್ತಿಟ್ಟು, ಅಗಲ, ಎಳೆ, ಛಾಯೆ ಹೊಂದುವುದನ್ನು ಹುಡುಕುತ್ತಾರೆ. ಪೂರ್ತಿ ಹೊಂದದಿದ್ದರೆ ಅದೇ ವಾದ್ಯದ ತುದಿಯಿಂದ ಒಂದು ತುಂಡನ್ನು ನಡುವಿಗೆ ತಂದು, ಹೊರಗಿನದನ್ನು ತುದಿಗೆ ಕಳಿಸುತ್ತಾರೆ. ಇಡೀ ವೃತ್ತಿಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವ ಜಾಣತನ ಇದು. ವ್ಯತ್ಯಾಸ ಉಳಿಯುತ್ತದೆ, ಆದರೆ ಯಾರಿಗೂ ಅಡ್ಡ ಬರದ ಜಾಗದಲ್ಲಿ ಉಳಿಯುತ್ತದೆ.

ಎಲ್ಲ ದಂತ ಕಿತ್ತು ಪ್ಲಾಸ್ಟಿಕ್ ಹಾಕಿಸುವುದು ಸುಲಭವಾದ ದಾರಿ. ಪ್ಲಾಸ್ಟಿಕ್ ಅವಮಾನವೇನಲ್ಲ, ನ್ಯೂಯಾರ್ಕಿನ ಪಿಯಾನೊ ತಯಾರಕ ಸ್ಟೈನ್‌ವೇ ಕೂಡ 1950ರ ದಶಕದಲ್ಲೇ ದಂತ ಬಿಟ್ಟಿತು. ಆದರೆ ಪ್ಲಾಸ್ಟಿಕ್ ಪದರ ಹೆಚ್ಚು ದಪ್ಪ, ಅದಕ್ಕಾಗಿ ಕೀಯ ಮರವನ್ನೇ ಹೆರೆಯಬೇಕು. ಹೆರೆದದ್ದು ಮತ್ತೆ ಬೆಳೆಯುವುದಿಲ್ಲ. ಬೆವರು ಹೀರುವ ದಂತದ ಮೇಲೆ ಬೆರಳು ಜಾರುವುದಿಲ್ಲ ಎಂದು ಹಲವು ವಾದಕರು ಹೇಳುವುದನ್ನೂ ತಳ್ಳಿಹಾಕುವಂತಿಲ್ಲ. ದಂತಕ್ಕಾಗಿ ಆನೆಗಳು ಸತ್ತಿವೆ, ಅದನ್ನು ಹೊತ್ತು ಕರಾವಳಿಗೆ ನಡೆದವರಲ್ಲಿ ಗುಲಾಮರಿದ್ದರು. ಅದನ್ನು ಕಿತ್ತು ಕಸಕ್ಕೆ ಹಾಕಿದರೆ ಆ ಲೆಕ್ಕ ಚುಕ್ತಾ ಆಗುವುದಿಲ್ಲ.

ಅರ್ಧಕ್ಕರ್ಧ ದಂತ ಹೋಗಿರುವ ವಾದ್ಯಕ್ಕೆ ಪ್ಲಾಸ್ಟಿಕ್ ಹಾಕಿಸಲು ಹಿಂಜರಿಯಬೇಕಿಲ್ಲ. ಒಂದೆರಡು ಹೋಗಿದ್ದರೆ ಹಳೆಯ ದಂತ ಹುಡುಕಲಿ. ಬರೀ ಹಳದಿಯಾಗಿದ್ದರೆ, ಬಿಳುಪಿಗೆ ಸುರಿಯುವ ಹಣವನ್ನು ಶ್ರುತಿ ಮಾಡಿಸಲು ಬಳಸಲಿ.