ಟಿಕೆಟ್ ತಪಾಸಣೆ ಮತ್ತು ಮನುಷ್ಯನ ಮರ್ಯಾದೆ

ನರಗುಂದ ತಾಲೂಕಿನ ಶಿರೋಳಕ್ಕೆ ರೈಲಿಲ್ಲ. ರೈಲು ಬೇಕೆಂದರೆ ಹೊಳೆ ಆಲೂರಿಗೋ ಗದಗಕ್ಕೋ ಹೋಗಬೇಕು. ಆದರೆ ದುಡಿಮೆ ಅರಸಿ ಬೆಂಗಳೂರು ಸೇರುವವರು ಇಂತಹ ಹಳ್ಳಿಗಳ ಜನರೇ. ಆದ್ದರಿಂದ ಮೆಟ್ರೋ ಬಾಗಿಲಲ್ಲಿ ಯಾರನ್ನು ಹೇಗೆ ತಪಾಸಣೆ ಮಾಡುತ್ತಾರೆ ಎಂಬುದು ಕೇವಲ ನಗರದವರ ಪ್ರಶ್ನೆಯಲ್ಲ.

2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರನ್ನು ಭದ್ರತಾ ಸಿಬ್ಬಂದಿ ತಡೆದರು. ಅವರ ಬಳಿ ಟಿಕೆಟ್ ಇತ್ತು. ಬಟ್ಟೆ ಮಾತ್ರ ಮಾಸಿತ್ತು. ಸಹಪ್ರಯಾಣಿಕರು ಪ್ರತಿಭಟಿಸಿದರು. ವೀಡಿಯೊ ನಾಡೆಲ್ಲ ಹರಡಿದ ಮೇಲೆ ಮೆಟ್ರೋ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಅಲ್ಲಿಗೆ ಪ್ರಕರಣ ಮುಗಿಯಿತೆಂದು ಎಲ್ಲರೂ ಸಮಾಧಾನಪಟ್ಟರು. ಒಬ್ಬನ ನೌಕರಿ ಹೋದರೆ ವ್ಯವಸ್ಥೆಯ ದೃಷ್ಟಿ ಬದಲಾಗುತ್ತದೆಯೇ?

2011ರಲ್ಲಿ ಆರಂಭವಾದ ನಮ್ಮ ಮೆಟ್ರೋದಲ್ಲಿ ದರದ ಲೆಕ್ಕವನ್ನು ಯಂತ್ರದ ಗೇಟುಗಳು ನೋಡಿಕೊಳ್ಳುತ್ತವೆ. ಒಳಹೋಗುವಾಗ ಟೋಕನ್ ಅಥವಾ ಕಾರ್ಡ್ ತೋರಿಸಬೇಕು, ಹೊರಬರುವಾಗ ಮತ್ತೆ ಲೆಕ್ಕ ಒಪ್ಪಿಸಬೇಕು. ಯಂತ್ರಕ್ಕೆ ಬಟ್ಟೆ, ಗಡ್ಡ, ಬುರ್ಖಾ ಕಾಣುವುದಿಲ್ಲ. ಅದರ ಮುಂದೆ ನಿಂತ ಮನುಷ್ಯನಿಗೆ ಇವೆಲ್ಲ ಕಾಣುತ್ತವೆ. ಭದ್ರತೆಯ ಹೆಸರಿನ ಅಧಿಕಾರ ಅಂತಸ್ತು ಅಳೆಯುವ ಅಧಿಕಾರವಾಗುವುದು ಅಲ್ಲಿಯೇ.

ಮುಂಬೈ ಲೋಕಲ್‌ನಲ್ಲಿ ಇಂತಹ ಗೇಟುಗಳ ಸಾಲಿಲ್ಲ. ಟಿಕೆಟ್ ಪರೀಕ್ಷಕರು ಹಠಾತ್ತನೆ ಎದುರಾಗುತ್ತಾರೆ. 1989ರ ರೈಲ್ವೆ ಕಾಯ್ದೆಯ 138ನೇ ಕಲಮಿನಂತೆ ಟಿಕೆಟ್ ಇಲ್ಲದವರು ದರದ ಜೊತೆಗೆ ಕನಿಷ್ಠ 250 ರೂಪಾಯಿ ಹೆಚ್ಚುವರಿ ಶುಲ್ಕ ಕೊಡಬೇಕು. ಬರ್ಲಿನ್‌ನಲ್ಲೂ ಗೇಟಿಲ್ಲ, ನಂಬಿಕೆಯೇ ಬಾಗಿಲು. ಆದರೆ ಸಿಕ್ಕಿಬಿದ್ದರೆ 60 ಯೂರೋ. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, ಅಲ್ಲಿ ವಿಧಿಸಿದ ದಂಡ ಕಟ್ಟಲಾಗದವರು ಜರ್ಮನಿಯಲ್ಲಿ ಜೈಲಿಗೂ ಹೋಗಿದ್ದಾರೆ. ದಂಡದ ಮೊತ್ತ ಎಲ್ಲರಿಗೂ ಒಂದೇ, ಅದರ ಭಾರ ಒಂದೇ ಅಲ್ಲ. ಸಂಬಳದವನಿಗೆ ಅದೊಂದು ಕಿರಿಕಿರಿ, ಕೂಲಿಯವನಿಗೆ ಮನೆಯ ಒಲೆಯ ಪ್ರಶ್ನೆ.

ಟಿಕೆಟ್ ಇಲ್ಲದೆ ಪ್ರಯಾಣಿಸುವುದನ್ನು ಸಮರ್ಥಿಸಲಾಗದು. ಸಾರ್ವಜನಿಕ ಸೊತ್ತು ಅಮಾನತ್. ಅದನ್ನು ವಂಚಿಸುವುದು ಎಲ್ಲರ ಹಕ್ಕನ್ನು ಕಸಿದಂತೆ. ಆದರೆ ಕುರ್‌ಆನಿನ 83ನೇ ಅಧ್ಯಾಯ ಎಚ್ಚರಿಸುವುದು ತನಗೆ ಪೂರ್ತಿ ಅಳೆಸಿಕೊಂಡು ಇತರರಿಗೆ ಕಡಿಮೆ ಅಳೆದು ಕೊಡುವವರನ್ನು. ಪ್ರಯಾಣಿಕನಿಂದ ಪೂರ್ತಿ ದರ ಪಡೆದು ಅವನಿಗೆ ಸಲ್ಲಬೇಕಾದ ಗೌರವದಲ್ಲಿ ಕಡಿತ ಮಾಡುವ ವ್ಯವಸ್ಥೆಯೂ ತನ್ನ ತಕ್ಕಡಿಯನ್ನು ಪರೀಕ್ಷಿಸಿಕೊಳ್ಳಬೇಕು. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ದರವೂ ಒಂದು ಗೇಟೇ. ಅಲ್ಲಿ ತಡೆಯಲ್ಪಟ್ಟವರ ವೀಡಿಯೊ ಯಾರೂ ತೆಗೆಯುವುದಿಲ್ಲ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಇಲ್ಲಿ ನೆನಪಾಗುತ್ತದೆ. ಸರಕಾರಿ ಬಸ್ಸಿನಲ್ಲಿ ನರಗುಂದಕ್ಕೆ ಹೊರಟ ಮಹಿಳೆ ಹಣ ಕೊಡುವುದಿಲ್ಲ, ಆದರೂ ಶೂನ್ಯ ಮೊತ್ತದ ಟಿಕೆಟ್ ಪಡೆಯುತ್ತಾಳೆ. ಸರಕಾರ ಸಾರಿಗೆ ನಿಗಮಕ್ಕೆ ಹಣ ಭರಿಸಲು ಆ ಚೀಟಿಯೇ ಲೆಕ್ಕ. ಟಿಕೆಟ್ ಎಂದರೆ ಬರೀ ಬೆಲೆಯಲ್ಲ, ಈಕೆ ಪ್ರಯಾಣಿಕಳು ಎಂಬ ಒಪ್ಪಿಗೆ. ರಾಜಾಜಿನಗರದಲ್ಲಿ ಆ ರೈತರಿಗೆ ನಿರಾಕರಿಸಿದ್ದು ಆ ಒಪ್ಪಿಗೆಯನ್ನು. ತಪಾಸಣೆಯವರು ಏನನ್ನು ನೋಡಬಹುದು, ಏನನ್ನು ನೋಡಬಾರದು ಎಂಬುದನ್ನು ಪ್ರತಿ ನಿಲ್ದಾಣದಲ್ಲೂ ಕನ್ನಡದಲ್ಲಿ ಬರೆದು ಹಾಕಲಿ. ನಿಯಮ ಇಬ್ಬರಿಗೂ ತಿಳಿದಿದ್ದರೆ ಗಂಟು ಹೊತ್ತವನೂ ತಲೆಯೆತ್ತಿ ಒಳಹೋದಾನು.