ಕುಡಿದವನಿಗೆ ದಂಡ, ಊರಿಗೆ ಖರ್ಚು

ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಬಿಗಿಯಾದದ್ದು 2019ರ ಸೆಪ್ಟೆಂಬರ್ 1ರಿಂದ. ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದವನಿಗೆ ಅಲ್ಲಿಯವರೆಗೆ ದಂಡ ಹೆಚ್ಚೆಂದರೆ 2,000 ರೂಪಾಯಿ. ಈಗ 10,000, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ 15,000. ಜೈಲು 2 ವರ್ಷದವರೆಗೆ. ಅದೇ ತಿಂಗಳು ಕರ್ನಾಟಕ ಸರ್ಕಾರ ಹೆಲ್ಮೆಟ್, ಸೀಟ್‌ಬೆಲ್ಟ್ ಮುಂತಾದವುಗಳ ದಂಡವನ್ನು ಇಳಿಸಿತು. 2023ರ ಫೆಬ್ರುವರಿಯಲ್ಲಿ ಹಳೆಯ ಬಾಕಿಗೆ ಅರ್ಧ ರಿಯಾಯಿತಿಯನ್ನೂ ಕೊಟ್ಟಿತು. ಡ್ರಂಕ್ ಆ್ಯಂಡ್ ಡ್ರೈವ್ ಕೇಸಿಗೆ ಈ ಔದಾರ್ಯವಿಲ್ಲ. ಅದು ರಸ್ತೆಯಲ್ಲೇ ರಸೀದಿ ಹರಿದು ಮುಗಿಸುವ ತಪ್ಪಲ್ಲ, ಕೋರ್ಟಿಗೇ ಹೋಗಬೇಕು.

ಇರಲಿ, ಕುಡಿದು ಓಡಿಸುವವನ ಪರವಾಗಿ ವಕಾಲತ್ತು ಹಾಕುವ ಉದ್ದೇಶ ನನಗಿಲ್ಲ. ಅವನು ಪಣಕ್ಕಿಡುವುದು ತನ್ನ ಜೀವ ಒಂದನ್ನೇ ಅಲ್ಲ. ನನ್ನ ತಕರಾರು ಈ ಬಿಗಿಯ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದರ ಬಗ್ಗೆ.

ಬೆಂಗಳೂರಿನ ಯಾವುದಾದರೂ ಟ್ರಾಫಿಕ್ ಠಾಣೆಯ ಮುಂದೆ ನಡೆದು ನೋಡಿ. ಸೀಜ್ ಆದ ಸ್ಕೂಟರು, ಬೈಕು, ಆಟೊಗಳು ಆವರಣ ತುಂಬಿ ಫುಟ್‌ಪಾತಿಗೂ ಹರಿದಿರುತ್ತವೆ. ಸೀಟು ಹರಿದು, ಟೈರು ಕುಸಿದು, ಮಳೆಗೆ ತುಕ್ಕು ಹಿಡಿದು ನಿಂತಿರುವ ಇವುಗಳಲ್ಲಿ ಎಲ್ಲವೂ ಕುಡಿತದ ಕೇಸಿನವಲ್ಲ, ನಿಜ. ಆದರೆ ಲೆಕ್ಕ ಸರಳ: ಹಳೆಯ ಸ್ಕೂಟರು ಮಾರಿದರೂ 10,000 ಹುಟ್ಟದಿದ್ದರೆ, ದಂಡ ಕಟ್ಟಿ, ಕೂಲಿ ಬಿಟ್ಟು ಕೋರ್ಟಿಗೆ ಅಲೆದು ಅದನ್ನು ಬಿಡಿಸಿಕೊಳ್ಳಲು ಯಾರು ಬರುತ್ತಾರೆ? ಗಾಡಿ ಸರ್ಕಾರದ ಪಾಲಿಗೆ ಉಳಿಯಿತು; ಕಾಯುವ ಕೆಲಸ ಠಾಣೆಗೆ ಬಿತ್ತು. ಫುಟ್‌ಪಾತ್ ಕಳೆದುಕೊಂಡ ಪಾದಚಾರಿ ರಸ್ತೆಗಿಳಿದ. ರಸ್ತೆ ಸುರಕ್ಷತೆಗೆಂದು ಮಾಡಿದ ಕಾನೂನು ನಡೆದು ಹೋಗುವವನನ್ನು ಬಸ್ಸಿನ ಚಕ್ರದ ಪಕ್ಕಕ್ಕೆ ತಳ್ಳುವುದನ್ನು ಯಾವ ವರದಿಯೂ ಖರ್ಚಿನ ಕಾಲಮಿನಲ್ಲಿ ಬರೆಯುವುದಿಲ್ಲ.

2019ರ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು. ಮೊದಲು 2,000ದ ಒಳಗೆ ಎಷ್ಟು ವಿಧಿಸಬೇಕೆಂದು ಮ್ಯಾಜಿಸ್ಟ್ರೇಟರು ಆಳು ನೋಡಿ, ತಪ್ಪು ನೋಡಿ ತೀರ್ಮಾನಿಸಬಹುದಿತ್ತು. ಈಗ ದಂಡವೆಂದರೆ 10,000, ಅಷ್ಟೇ. ಡೆಲಿವರಿ ಹುಡುಗನಿಗೆ ಅದು ತಿಂಗಳ ಸಂಸಾರ ಅಲುಗಿಸುವ ಮೊತ್ತ. ಐಷಾರಾಮಿ ಮಾಲ್ ಯುಬಿ ಸಿಟಿಯಿಂದ ದೊಡ್ಡ ಕಾರಿನಲ್ಲಿ ಹೊರಟವನಿಗೆ ಒಂದು ರಾತ್ರಿಯ ಬಿಲ್ಲಿಗಿಂತ ಕಡಿಮೆ. ಸಮಾನ ದಂಡ ಎಂದು ಇದನ್ನು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇಷ್ಟು ತೆತ್ತು ಏನು ಕೊಂಡೆವು? ಬ್ರಿಟನ್ 1967ರಲ್ಲಿ ರಕ್ತದಲ್ಲಿ 100 ಮಿ.ಲೀ.ಗೆ 80 ಮಿ.ಗ್ರಾಂ ಮಿತಿ ಹಾಕಿ ಉಸಿರು ಪರೀಕ್ಷೆ ತಂದಾಗ ಸಾವುಗಳು ಇಳಿದವು. ಸಿಕ್ಕಿಬೀಳುವ ಸಂಭವ ತಾವಂದುಕೊಂಡಷ್ಟಿಲ್ಲ ಎಂದು ಜನರಿಗೆ ಗೊತ್ತಾಗುತ್ತಾ ಹೋದಂತೆ ಆ ಪರಿಣಾಮ ಸವೆಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1982ರಿಂದ ಯಾರನ್ನು ಬೇಕಾದರೂ, ಎಲ್ಲಿ ಬೇಕಾದರೂ ತಡೆದು ಊದಿಸತೊಡಗಿತು. ಅಲ್ಲಿ ಫಲ ಬಾಳಿತು. ನಮ್ಮ ಮಿತಿ 30 ಮಿ.ಗ್ರಾಂ, ಬ್ರಿಟನ್ನಿನ ಅರ್ಧಕ್ಕಿಂತ ಕಡಿಮೆ. ಆದರೆ ಕಾಯ್ದೆಯ 203ನೇ ಕಲಮಿನಂತೆ ಪೊಲೀಸರು ಊದಿಸಬೇಕಾದರೆ ಕುಡಿದಿದ್ದಾನೆಂದು ಶಂಕಿಸಲು ಸಕಾರಣ ಇರಬೇಕು. ಬ್ಯಾರಿಕೇಡ್ ಹಾಕಿ ಸಾಲಾಗಿ ಊದಿಸುವ ನಮ್ಮ ಅಭಿಯಾನ ಆ ಮಾತನ್ನು ಎಳೆದೆಳೆದು ಬಳಸುತ್ತಿದೆ. ಸಂಸತ್ತು ಮೊತ್ತವನ್ನು 5 ಪಟ್ಟು ಮಾಡುವ ಬದಲು ಈ ಅಧಿಕಾರವನ್ನು ಸ್ಪಷ್ಟಪಡಿಸಿದ್ದರೆ, ಜೊತೆಗೆ ಉಪಕರಣ ಮತ್ತು ಸಿಬ್ಬಂದಿಗೆ ಹಣ ಕೊಟ್ಟಿದ್ದರೆ, ಹೆಚ್ಚು ಜೀವ ಉಳಿಯುತ್ತಿದ್ದವು ಎಂಬುದು ನನ್ನ ಅಂದಾಜು.

ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಲ್ಲಿ ರಸ್ತೆ ಸಾವು 1,68,491. ಅದರಲ್ಲಿ ವೇಗದ ಲೆಕ್ಕಕ್ಕೆ ಹೋದವು ನೂರಕ್ಕೆ 70ಕ್ಕೂ ಹೆಚ್ಚು; ಕುಡಿತದ ಲೆಕ್ಕಕ್ಕೆ ಹೋದವು 3ಕ್ಕಿಂತ ಕಡಿಮೆ. ಈ 3 ನಂಬುವಂಥದ್ದಲ್ಲ. ವೇಗವಾಗಿ ಓಡಿಸಿ ಸತ್ತವನು ಕುಡಿದಿದ್ದನೇ ಎಂದು ಎಷ್ಟು ಕಡೆ ರಕ್ತ ತೆಗೆದು ನೋಡುತ್ತಾರೆ? ಜೀವಂತ ಇದ್ದವನಿಗೆ ಊದಿಸಲು ತೋರಿಸುವ ಶ್ರದ್ಧೆಯ ಸ್ವಲ್ಪ ಭಾಗ ಆಸ್ಪತ್ರೆಗೂ ಶವಾಗಾರಕ್ಕೂ ಹೋಗಬೇಕಿತ್ತು.

ಮದ್ಯದಂಗಡಿಯ ಕಡೆಗೂ ಕಾನೂನು ಒಮ್ಮೆ ತಿರುಗಿತ್ತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮಾರಕೂಡದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿತು. 2017ರ ಜುಲೈನಲ್ಲಿ ಎಂ.ಜಿ. ರಸ್ತೆಯ ಬಾರುಗಳೂ ಬಾಗಿಲು ಹಾಕಿದವು. ನಗರದೊಳಗಿನ ಹೆದ್ದಾರಿಗಳು ಹೆದ್ದಾರಿಗಳೇ ಅಲ್ಲ ಎನ್ನಿಸಲು ರಾಜ್ಯ ಪಟ್ಟ ಪಾಡು ನೋಡುವಂತಿತ್ತು! ಅದೇ ತಿಂಗಳು ನಗರಸಭೆಗಳ ವ್ಯಾಪ್ತಿಗೆ ವಿನಾಯಿತಿ ಸಿಕ್ಕಿತು.

ಬೆಂಗಳೂರಿನಲ್ಲಿ ಬಾರು ರಾತ್ರಿ 1 ಗಂಟೆವರೆಗೆ ತೆರೆದಿರಬಹುದು. ನಮ್ಮ ಮೆಟ್ರೊ 11ರ ಸುಮಾರಿಗೇ ಮಲಗುತ್ತದೆ. ನಡುವಿನ ಎರಡು ಗಂಟೆಯಲ್ಲಿ ಹೊರಬಿದ್ದವನಿಗೆ ಉಳಿಯುವುದು ದುಪ್ಪಟ್ಟು ಕೇಳುವ ಆಟೊ ಅಥವಾ ತನ್ನದೇ ಗಾಡಿ. ಡಿಸೆಂಬರ್ 31ರ ರಾತ್ರಿ ರೈಲು ಮಧ್ಯರಾತ್ರಿ ದಾಟಿ ಓಡುತ್ತದೆ, ಜನ ಕಿಕ್ಕಿರಿಯುತ್ತಾರೆ. ಅದನ್ನು ಪ್ರತಿ ಶುಕ್ರವಾರ, ಶನಿವಾರ ಓಡಿಸಲಿ. ವರ್ಷಕ್ಕೆ 30,000 ಕೋಟಿ ರೂಪಾಯಿ ದಾಟಿರುವ ಅಬಕಾರಿ ವರಮಾನದಿಂದ ಅದರ ನಷ್ಟ ತುಂಬಿಕೊಡುವುದು ಸರ್ಕಾರಕ್ಕೆ ದೊಡ್ಡ ಹೊರೆಯಾಗದು.